ಜಾತಿ ಒಂದೇ ಆದಲ್ಲಿ ಮತ ಒಡೆಯುವುದೆಲ್ಲಿ? ಮಂಡ್ಯದ ಒಕ್ಕಲಿಗರ ಮತದಾನದ ಒಳಲೆಕ್ಕ

2018ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರಗಳನ್ನು ಜೆಡಿಎಸ್ ಗೆದ್ದುಕೊಂಡಿತು. ಅದೇ ವರ್ಷ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಆ ಪಕ್ಷದ ಎಲ್.ಆರ್. ಶಿವರಾಮೇಗೌಡರು 3,24,943 ಮತಗಳ ಅಂತರದಿಂದ ಆರಿಸಿ ಬಂದರು. ಇನ್ನೂ ಆರು ತಿಂಗಳು ತುಂಬಿರಲಿಲ್ಲ. 2019ರ ಏಪ್ರಿಲಿನಲ್ಲಿ ಅದೇ ಮತದಾರರು ಅದೇ ಪಕ್ಷದ ನಿಖಿಲ್ ಕುಮಾರಸ್ವಾಮಿಯವರನ್ನು, ಅವರ ತಂದೆ ಮುಖ್ಯಮಂತ್ರಿಯಾಗಿದ್ದಾಗಲೇ, 1,25,876 ಮತಗಳಿಂದ ಸೋಲಿಸಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರನ್ನು ದೆಹಲಿಗೆ ಕಳುಹಿಸಿದರು. 2023ರಲ್ಲಿ ಜೆಡಿಎಸ್‌ಗೆ ಜಿಲ್ಲೆಯಲ್ಲಿ ಉಳಿದದ್ದು ಕೃಷ್ಣರಾಜಪೇಟೆಯೊಂದೇ. ಐದು ಕ್ಷೇತ್ರಗಳು ಕಾಂಗ್ರೆಸ್ಸಿನ ಪಾಲಾದವು, ಮೇಲುಕೋಟೆ ಕಾಂಗ್ರೆಸ್ ಬೆಂಬಲವಿದ್ದ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋಯಿತು. ಇನ್ನೇನು ಜಿಲ್ಲೆಯಲ್ಲಿ ದಳದ ಕಥೆ ಮುಗಿಯಿತು ಎಂದು ಬರೆದವರ ಶಾಯಿ ಆರುವ ಮೊದಲೇ, 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ ಅದೇ ಮಂಡ್ಯದಿಂದ 2,84,620 ಮತಗಳ ಅಂತರದಲ್ಲಿ ಗೆದ್ದರು.

ಈ ಏರಿಳಿತಕ್ಕೆ ಹೊರಗಿನವರು ಕೊಡುವ ಕಾರಣಗಳು ಎರಡು. ಒಂದು, ಮಂಡ್ಯದವರು ಜಾತಿ ನೋಡಿ ಮತ ಹಾಕುತ್ತಾರೆ ಎಂಬುದು. ಇನ್ನೊಂದು, ಮಂಡ್ಯದವರು ಭಾವುಕರು, ಕಣ್ಣೀರಿಗೆ ಕರಗುತ್ತಾರೆ ಎಂಬುದು. ಎರಡರಲ್ಲೂ ಒಂದಿಷ್ಟು ಸತ್ಯವಿದೆ; ಆದರೆ ಎರಡೂ ಮೇಲಿನ ಲೆಕ್ಕವನ್ನು ಬಿಡಿಸಿಕೊಡುವುದಿಲ್ಲ. ಜಾತಿಯೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಆರು ವರ್ಷದಲ್ಲಿ ಮೂರು ಬಾರಿ ಫಲಿತಾಂಶ ಮಗುಚುವುದಕ್ಕೆ ಕಾರಣವೇ ಇರಬಾರದು, ಏಕೆಂದರೆ ಅಷ್ಟು ಹೊತ್ತಿಗೆ ಯಾರ ಜಾತಿಯೂ ಬದಲಾಗಿರಲಿಲ್ಲ. ಇನ್ನು ಭಾವನೆಯ ಮಾತು: ಒಂದು ಜನಸಮುದಾಯ ತನ್ನ ಹಿತವನ್ನು ಅಳೆದು ತೂಗಿ ಮಾಡುವ ಆಯ್ಕೆಯನ್ನು ಭಾವುಕತೆ ಎಂದು ಕರೆದುಬಿಡುವುದು ಆ ಜನರಿಗೆ ಮಾಡುವ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ಮೊದಲು ಜಾತಿಯ ವಿಷಯ. ಮಂಡ್ಯ ಜಿಲ್ಲೆಯಲ್ಲಿ ಒಕ್ಕಲಿಗರು, ಅವರಲ್ಲೂ ಗಂಗಡಿಕಾರ ಒಕ್ಕಲಿಗರು, ಅತಿ ದೊಡ್ಡ ಸಮುದಾಯ. ಮೀಸಲು ಕ್ಷೇತ್ರವಾದ ಮಳವಳ್ಳಿಯನ್ನು ಬಿಟ್ಟರೆ ಉಳಿದೆಡೆ ಪ್ರಮುಖ ಪಕ್ಷಗಳೆಲ್ಲ ಸಾಮಾನ್ಯವಾಗಿ ಒಕ್ಕಲಿಗರನ್ನೇ ಕಣಕ್ಕಿಳಿಸುತ್ತವೆ. ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಬೇರೆ ಬೇರೆ ಜಾತಿಯ ಅಭ್ಯರ್ಥಿಗಳು ಎದುರುಬದುರಾದಾಗ ಜಾತಿ ಮತವನ್ನು ಒಂದು ಕಡೆಗೆ ಎಳೆಯುತ್ತದೆ. ಎದುರಿಗೆ ನಿಂತ ಇಬ್ಬರೂ, ಮೂವರೂ ಒಂದೇ ಜಾತಿಯವರಾದಾಗ ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ತೂಕದ ಕಲ್ಲು ಇಟ್ಟಂತಾಗುತ್ತದೆ. ಆಗ ಟಿಕೆಟ್ ಸಿಗಬೇಕಾದರೆ ಜಾತಿ ಬೇಕು. ಗೆಲ್ಲಲು ಜಾತಿ ಸಾಲದು. ಗೆಲುವನ್ನು ತೀರ್ಮಾನಿಸುವುದು ಜಾತಿಯ ಒಳಗಿನ ಬೇರೆ ಸಂಗತಿಗಳು: ಯಾವ ಹೋಬಳಿಯವನು, ಯಾರ ಬಣದವನು, ನಾಲೆಗೆ ನೀರು ಬಿಡಿಸುವ ಶಕ್ತಿ ಇದೆಯೇ, ಫೋನು ಮಾಡಿದರೆ ಎತ್ತುತ್ತಾನೆಯೇ, ಊರಿನ ಸಾವುನೋವಿಗೆ ಬರುತ್ತಾನೆಯೇ.

ಜಾತಿಯ ಹೆಸರು ಹೇಳಿ ಮತ ಕೇಳಿದ್ದು ಕೈಕೊಟ್ಟ ನಿದರ್ಶನ 2019ರದ್ದೇ. ನಿಖಿಲ್ ಮಾಜಿ ಪ್ರಧಾನಿಯ ಮೊಮ್ಮಗ, ಆಗಿನ ಮುಖ್ಯಮಂತ್ರಿಯ ಮಗ. ಸುಮಲತಾ ತೆಲುಗು ಮೂಲದವರು. ಅವರು ಗೌಡತಿಯಲ್ಲ ಎಂಬ ಮಾತನ್ನು ಎದುರಾಳಿ ಪಾಳಯದಿಂದ ಬಹಿರಂಗವಾಗಿಯೇ ಎತ್ತಲಾಯಿತು. ಜನ ಅದಕ್ಕೆ ಕೊಟ್ಟ ಉತ್ತರ ‘ಮಂಡ್ಯದ ಸೊಸೆ’ ಎಂಬ ಎರಡು ಪದ. ಅವರ ಪತಿ, ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ನಟ ಅಂಬರೀಷ್ ತೀರಿಕೊಂಡು ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. ಹೀಗಿರುವಾಗ ಮನೆಗೆ ಬಂದ ಹೆಣ್ಣುಮಗಳ ಹುಟ್ಟಿದ ಜಾತಿಯನ್ನು ಕೆದಕುವುದು ಹಳ್ಳಿಯ ನಡವಳಿಕೆಗೆ ಒಗ್ಗದ ಮಾತಾಗಿತ್ತು. ಆ ಚುನಾವಣೆಯಲ್ಲಿ ಕಣದಲ್ಲಿದ್ದವರು 22 ಮಂದಿ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ಹಿಡಿಯುವುದು 16 ಹೆಸರು ಮಾತ್ರವಾದ್ದರಿಂದ ಪ್ರತಿ ಮತಗಟ್ಟೆಯಲ್ಲೂ ಎರಡು ಯಂತ್ರಗಳನ್ನು ಜೋಡಿಸಿಡಬೇಕಾಯಿತು. ಅದರಲ್ಲಿ ಸುಮಲತಾ ಎಂಬ ಹೆಸರಿನ ಇನ್ನೂ ಮೂವರಿದ್ದರು. ‘ಕಹಳೆ ಊದುವ ರೈತ’ ಎಂಬ, ಅದುವರೆಗೆ ಯಾರೂ ಒತ್ತಿ ಅಭ್ಯಾಸವಿಲ್ಲದ ಚಿಹ್ನೆಯನ್ನು ಎರಡು ಯಂತ್ರಗಳ ನಡುವೆ ಹುಡುಕಿ 7,03,660 ಮಂದಿ ಒತ್ತಿದರು. ಕಣ್ಣೀರಿಗೆ ಕರಗಿದವರ ಬೆರಳು ಇಷ್ಟು ಎಚ್ಚರದಿಂದ ಓಡಾಡುವುದಿಲ್ಲ. ಮನೆಯಿಂದ ಹೊರಡುವಾಗಲೇ ಗಟ್ಟಿ ಮಾಡಿಕೊಂಡು ಬಂದ ತೀರ್ಮಾನವದು.

ಆ ತೀರ್ಮಾನದ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೆ ಮಂಡ್ಯದ ಮಣ್ಣು ಮತ್ತು ನೀರನ್ನು ನೋಡಬೇಕು. 1911ರಲ್ಲಿ ಆರಂಭವಾಗಿ 1930ರ ದಶಕದ ಹೊತ್ತಿಗೆ ಮುಗಿದ ಕನ್ನಂಬಾಡಿ ಕಟ್ಟೆ ಮತ್ತು ಅದರಿಂದ ಹೊರಟು ಹುಲಿಕೆರೆಯ ಸುರಂಗ ದಾಟಿ ಬರುವ ನಾಲೆ, ಅಂದಿನ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ರಾಗಿ ಹುರುಳಿ ಬೆಳೆಯುತ್ತಿದ್ದ ಒಣಭೂಮಿಯನ್ನು ಭತ್ತ ಕಬ್ಬಿನ ಗದ್ದೆಯಾಗಿ ಮಾಡಿದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅಂದರೆ ಈ ಜಿಲ್ಲೆಯ ಸಣ್ಣ ಹಿಡುವಳಿದಾರನ ಬದುಕಿನ ಎರಡು ಕೀಲಿಕೈಗಳು, ತೂಬಿನದೂ ಕಾರ್ಖಾನೆಯದೂ, ಮೊದಲಿನಿಂದಲೂ ಸರ್ಕಾರದ ಕೈಯಲ್ಲಿವೆ. ಮಳೆಯನ್ನು ನಂಬಿದ ಒಕ್ಕಲು ಆಕಾಶ ನೋಡಿದರೆ, ನಾಲೆಯನ್ನು ನಂಬಿದ ಒಕ್ಕಲು ವಿಧಾನಸೌಧ ನೋಡಬೇಕು. ರಾಜಕೀಯದ ಬಗ್ಗೆ ಇಲ್ಲಿನವರಿಗೆ ಇರುವ ತೀವ್ರ ಆಸಕ್ತಿಗೆ, 2019 ಮತ್ತು 2024ರ ಎರಡೂ ಲೋಕಸಭಾ ಚುನಾವಣೆಗಳಲ್ಲಿ ಮತದಾನ ಶೇ 80ನ್ನು ದಾಟಿದ್ದಕ್ಕೆ, ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಈ ಸಂಬಂಧ ದಿನನಿತ್ಯದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಜುಲೈ ಹೊತ್ತಿಗೆ ನೀರು ಎಷ್ಟು ಅಡಿ ಬಂದಿದೆ ಎಂಬುದು ಜಿಲ್ಲೆಯ ಯಾವುದೇ ಹೋಟೆಲಿನಲ್ಲಿ ಕುಳಿತವರ ಬಾಯಲ್ಲಿರುತ್ತದೆ. ನಾಲೆಗೆ ಯಾವಾಗ ನೀರು ಬಿಡಬೇಕು, ನಿರಂತರವಾಗಿಯೋ ಬಿಟ್ಟು ಬಿಟ್ಟು ಹರಿಸುವ ಕಟ್ಟು ಪದ್ಧತಿಯಲ್ಲೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ; ಆ ಸಭೆಯಲ್ಲಿ ಮಂತ್ರಿಗಳು, ಶಾಸಕರು ಕೂರುತ್ತಾರೆ. ಹದಿನೈದು ದಿನ ತಡವಾದರೆ ನಾಟಿ ತಡವಾಗುತ್ತದೆ, ಕೊನೆಭಾಗದ ಮದ್ದೂರು, ಮಳವಳ್ಳಿಯ ಗದ್ದೆಗೆ ನೀರು ತಲುಪುವಷ್ಟರಲ್ಲಿ ಸಸಿಮಡಿ ಬಲಿತು ಹೋಗಿರುತ್ತದೆ. ಹಾಗಾಗಿ ಉಸ್ತುವಾರಿ ಮಂತ್ರಿ ಯಾರು ಎಂಬ ಪ್ರಶ್ನೆ ಬೇರೆ ಜಿಲ್ಲೆಗಳಲ್ಲಿ ಪತ್ರಿಕೆಯ ಸುದ್ದಿಯಾದರೆ ಇಲ್ಲಿ ಒಟ್ಲು ಪಾತಿಯ, ಅಂದರೆ ಸಸಿಮಡಿಯ, ಪ್ರಶ್ನೆ.

ಕಬ್ಬಿನದೂ ಹಾಗೆಯೇ. ವರ್ಷಗಟ್ಟಲೆ ಮೈಷುಗರ್ ನಿಂತು 2022ರಲ್ಲಷ್ಟೇ ಮತ್ತೆ ಕಬ್ಬು ನುರಿಸಲು ಆರಂಭಿಸಿತು. ಪಾಂಡವಪುರದ ಸಹಕಾರಿ ಕಾರ್ಖಾನೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಸಮಯಕ್ಕೆ ಕಟಾವಿಗೆ ಬಾರದ ಕಬ್ಬು ಗದ್ದೆಯಲ್ಲೇ ಸೂಲಂಗಿ ಹೊಡೆದು ತೂಕ ಕಳೆದುಕೊಳ್ಳುತ್ತದೆ. ಆಗ ರೈತ ಕೆ.ಎಂ. ದೊಡ್ಡಿಯ ಇಲ್ಲವೇ ಕೊಪ್ಪದ ಕಾರ್ಖಾನೆಗೆ ಸಾಗಿಸಬೇಕು, ಇಲ್ಲವೇ ಸಿಕ್ಕಿದ ದರಕ್ಕೆ ಆಲೆಮನೆಗೆ ಹಾಕಬೇಕು. ಯಾವ ಸರ್ಕಾರ ಬಂದರೂ ಈ ಎರಡು ಸಮಸ್ಯೆಗಳು ಪೂರ್ತಿ ಬಗೆಹರಿದಿಲ್ಲ. ಆದ್ದರಿಂದ ಯಾವ ಪಕ್ಷಕ್ಕೂ ಶಾಶ್ವತವಾದ ಋಣ ಈ ಮತದಾರನ ಮೇಲೆ ಇಲ್ಲ. ಪಕ್ಷಗಳನ್ನು ಬದಲಿಸುವುದನ್ನು ಚಂಚಲತೆ ಎನ್ನುವವರು ಈ ಬಾಕಿಯನ್ನು ಮರೆಯುತ್ತಾರೆ.

ಕಾವೇರಿ ವಿವಾದವೂ ಇದೇ ಎಳೆಯ ಮುಂದುವರಿಕೆ. 1991ರ ಮಧ್ಯಂತರ ತೀರ್ಪಿನಿಂದ 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ತಮಿಳುನಾಡಿಗೆ ನೀರು ಬಿಡಬೇಕಾದ ಪ್ರತಿ ಬರಗಾಲದಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆ ಕುಳಿತವರು ಈ ಜಿಲ್ಲೆಯವರು. ಸಂಸದರಾಗಿದ್ದ ಜಿ. ಮಾದೇಗೌಡರು ಕಾವೇರಿ ಹೋರಾಟದ ಮುಂದಾಳಾಗಿ ಪಕ್ಷಭೇದವಿಲ್ಲದ ಗೌರವ ಗಳಿಸಿದರು. ಅಂಬರೀಷ್ 2007ರ ನ್ಯಾಯಮಂಡಳಿಯ ತೀರ್ಪನ್ನು ವಿರೋಧಿಸಿ ಕೇಂದ್ರದ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 2002ರ ಬರ ಬಂತು. ಕಾವೇರಿ ಕಿಚ್ಚಿನ ನಡುವೆ ಅವರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಮಾಡಿದರು. 2004ರಲ್ಲಿ ಅವರು ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ಸ್ಪರ್ಧಿಸಿದರು. ಸ್ವಂತ ಜಿಲ್ಲೆಯ ಮುಖ್ಯಮಂತ್ರಿಗೂ ನೀರಿನ ಪ್ರಶ್ನೆಯಲ್ಲಿ ರಿಯಾಯಿತಿ ಇರಲಿಲ್ಲ.

ಎರಡನೆಯ ಎಳೆ ಊರೊಳಗಿನದು, ಮತ್ತು ಮೈತ್ರಿ ರಾಜಕಾರಣವನ್ನು ಅರ್ಥಮಾಡಿಕೊಳ್ಳಲು ಇದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಮಂಡ್ಯದ ಬಹುತೇಕ ಹಳ್ಳಿಗಳಲ್ಲಿ ಎರಡು ಬಣಗಳಿರುತ್ತವೆ. ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ವ್ಯವಸಾಯ ಸೇವಾ ಸಹಕಾರ ಸಂಘ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಹೀಗೆ ಎಲ್ಲೆಡೆ ಇವೆರಡೂ ಮುಖಾಮುಖಿಯಾಗುತ್ತವೆ. ಹಲವು ಊರುಗಳಲ್ಲಿ ಒಂದು ಬಣ ಕಾಂಗ್ರೆಸ್ಸಿನೊಂದಿಗೆ ಗುರುತಿಸಿಕೊಂಡರೆ ಇನ್ನೊಂದು ದಳದೊಂದಿಗೆ. ಎರಡೂ ಬಣದ ಮುಖಂಡರು ಒಂದೇ ಜಾತಿಯವರು, ಎಷ್ಟೋ ಕಡೆ ಅಣ್ಣತಮ್ಮಂದಿರ ಮಕ್ಕಳು, ಭಾವಮೈದುನರು. ಬೆಳಿಗ್ಗೆ ಆರಕ್ಕೆ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲಲ್ಲಿ ನಿಂತವರ ನಡುವಿನ ಮೌನವನ್ನು ಗಮನಿಸಿದರೆ ಸಾಕು, ಯಾರು ಯಾರ ಕಡೆ ಎಂಬುದು ಹೊಸಬನಿಗೂ ತಿಳಿಯುತ್ತದೆ. ಕಳೆದ ಸಲ ಡೇರಿ ಕಾರ್ಯದರ್ಶಿಯ ನೇಮಕದಲ್ಲಿ ಆದ ಜಗಳ ಲೋಕಸಭಾ ಚುನಾವಣೆಯವರೆಗೂ ಉಳಿದಿರುತ್ತದೆ.

ಹೀಗಿರುವಾಗ 2018ರಲ್ಲಿ ಮೈತ್ರಿ ಸರ್ಕಾರ ಮಾಡಿಕೊಂಡು ಬೆಂಗಳೂರಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ನಾಯಕರು ಕೈಕುಲುಕಿದ ಮಾತ್ರಕ್ಕೆ ಊರಿನ ಈ ಎರಡು ಬಣಗಳು ಒಂದಾಗಲು ಸಾಧ್ಯವೇ? ಅದರ ಸುಳಿವು 2018ರ ನವೆಂಬರಿನಲ್ಲೇ ಸಿಕ್ಕಿತ್ತು. 2014ರಲ್ಲಿ ಒಂದು ಲಕ್ಷ ಮತವನ್ನೂ ಮುಟ್ಟದಿದ್ದ ಬಿಜೆಪಿ, ಆ ಉಪಚುನಾವಣೆಯಲ್ಲಿ 2,44,404 ಮತ ಪಡೆಯಿತು. ಜಿಲ್ಲೆಯಲ್ಲಿ ಆಗ ಬಿಜೆಪಿಗೆ ಅಂಥ ಸಂಘಟನೆ ಇರಲಿಲ್ಲ. ಜೆಡಿಎಸ್‌ನ ತೆನೆಹೊತ್ತ ಮಹಿಳೆಯ ಗುರುತಿಗೆ ಒತ್ತಲು ಮನಸ್ಸೊಪ್ಪದ ಕಾಂಗ್ರೆಸ್ ಬಣದ ಮತಗಳು ಬೇರೆ ದಾರಿ ಹುಡುಕಿದ್ದವು ಎಂದು ತಿಳಿಯುವುದೇ ಸಹಜ. ಗೆಲುವಿನ ಅಂತರ ದೊಡ್ಡದಿದ್ದ ಕಾರಣ ಆ ಸುಳಿವನ್ನು ಯಾರೂ ಗಂಭೀರವಾಗಿ ನೋಡಲಿಲ್ಲ. ಐದು ತಿಂಗಳ ನಂತರ ಸುಮಲತಾ ಸ್ಪರ್ಧಿಸಿದಾಗ, ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲಿಸಿತು, ರೈತಸಂಘ ಜೊತೆಗೆ ನಿಂತಿತು, ಕಾಂಗ್ರೆಸ್ ಕಾರ್ಯಕರ್ತರು ತಮ್ಮದೇ ಬಾವುಟ ಹಿಡಿದು ಮೈತ್ರಿ ಅಭ್ಯರ್ಥಿಯ ವಿರುದ್ಧ ಪ್ರಚಾರ ಮಾಡಿದರು. ಇಬ್ಬರು ಚಿತ್ರನಟರು ‘ಜೋಡೆತ್ತು’ಗಳೆಂದು ಹೇಳಿಕೊಂಡು ಹಳ್ಳಿ ಹಳ್ಳಿ ಸುತ್ತಿದ್ದನ್ನು ಎಲ್ಲರೂ ನೆನಪಿಡುತ್ತಾರೆ, ಆದರೆ ಆ ಎತ್ತುಗಳು ಉತ್ತದ್ದು ಆಗಲೇ ಹದವಾಗಿದ್ದ ನೆಲವನ್ನು.

2024ರಲ್ಲಿ ಬಿಜೆಪಿ–ಜೆಡಿಎಸ್ ಮೈತ್ರಿಯ ಮತಗಳು ಸಲೀಸಾಗಿ ಒಂದಾದದ್ದಕ್ಕೂ ಇದೇ ವಿವರಣೆ ಸಲ್ಲುತ್ತದೆ. ಡೇರಿಯಲ್ಲಿ, ಪಂಚಾಯಿತಿಯಲ್ಲಿ ಬಿಜೆಪಿ ದಳದ ಎದುರಾಳಿಯಾಗಿ ಬೆಳೆದಿರಲಿಲ್ಲ. ಹಳೆಯ ಜಗಳವಿಲ್ಲದ ಇಬ್ಬರು ಸೇರುವುದು ಸುಲಭ. ಜೊತೆಗೆ, ಲೋಕಸಭೆಗೆ ನರೇಂದ್ರ ಮೋದಿಯವರನ್ನು ಬಯಸಿ ವಿಧಾನಸಭೆಗೆ ದಳವನ್ನೋ ಕಾಂಗ್ರೆಸ್ಸನ್ನೋ ಆರಿಸುತ್ತಿದ್ದವರಿಗೆ ಎರಡು ಆಸೆಯೂ ಒಂದೇ ಗುಂಡಿಯಲ್ಲಿ ಸಿಕ್ಕಿತು. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಆಗ ಮನೆಮನೆಗೆ ಬರುತ್ತಿತ್ತು. ಆದರೂ ಕಾಂಗ್ರೆಸ್ ಅಭ್ಯರ್ಥಿ 5,67,261 ಮತಗಳಿಗೆ ನಿಂತರು. ಗೆದ್ದು ಕೇಂದ್ರದಲ್ಲಿ ಮಂತ್ರಿಯಾಗಬಲ್ಲವರು ಮತ್ತು ಸಂಸದರಷ್ಟೇ ಆಗಿ ಉಳಿಯಬಹುದಾದವರು ಎಂಬ ಹೋಲಿಕೆ ನಾಲೆಬಯಲಿನಲ್ಲಿ ಹಗುರವಾದುದಲ್ಲ.

ವಿಧಾನಸಭೆ ಮತ್ತು ಲೋಕಸಭೆಯನ್ನು ಬೇರೆ ಬೇರೆಯಾಗಿ ನೋಡುವುದು ಇಲ್ಲಿ ಹೊಸದೂ ಅಲ್ಲ. 2004ರಲ್ಲಿ ಎರಡೂ ಚುನಾವಣೆಗಳು ಒಟ್ಟಿಗೆ ನಡೆದಾಗ ಲೋಕಸಭೆಗೆ ಕಾಂಗ್ರೆಸ್ಸಿನ ಅಂಬರೀಷ್ ಗೆದ್ದರು, ಮಂಡ್ಯ ವಿಧಾನಸಭಾ ಕ್ಷೇತ್ರದಲ್ಲಿ ಜೆಡಿಎಸ್‌ನ ಎಂ. ಶ್ರೀನಿವಾಸ್ ಗೆದ್ದರು. ವ್ಯಕ್ತಿಯೇ ಪಕ್ಷಕ್ಕಿಂತ ದೊಡ್ಡವನಾಗುವುದೂ ಹಳೆಯ ಸಂಗತಿ: ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರಿನಿಂದ ಮೊದಲು ಗೆದ್ದದ್ದು ಪಕ್ಷೇತರರಾಗಿ, ಅದೂ ನೆಹರೂ ಕಾಲದ ಕಾಂಗ್ರೆಸ್ಸಿನ ಎದುರು. 1968ರಲ್ಲಿ ಲೋಕಸಭೆಗೆ ಗೆದ್ದದ್ದು ಪ್ರಜಾ ಸೋಷಲಿಸ್ಟ್ ಪಕ್ಷದಿಂದ. ಅಂಬರೀಷ್ 1998ರಲ್ಲಿ ಜನತಾದಳದಿಂದ, 1999ರಲ್ಲಿ ಕಾಂಗ್ರೆಸ್ಸಿನಿಂದ, ಒಂದೇ ಜನರ ಮತ ಪಡೆದು ಸಂಸತ್ತಿಗೆ ಹೋದರು.

ಆದರೆ ವ್ಯಕ್ತಿ ಎಲ್ಲಿಗೆ ಹೋದರೂ ಮತ ಹಿಂದೆಯೇ ಹೋಗುತ್ತದೆ ಎಂದೂ ತಿಳಿಯಬಾರದು. ನಾಗಮಂಗಲದ ಎನ್. ಚಲುವರಾಯಸ್ವಾಮಿ ಮತ್ತು ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡ 2013ರಲ್ಲಿ ಜೆಡಿಎಸ್‌ನಿಂದ ಗೆದ್ದವರು. 2016ರ ರಾಜ್ಯಸಭಾ ಚುನಾವಣೆಯಲ್ಲಿ ಪಕ್ಷದ ವಿರುದ್ಧ ನಡೆದು, 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತಾಗ ಇಬ್ಬರನ್ನೂ ಜನ ಸೋಲಿಸಿದರು. 2023ರಲ್ಲಿ ಅದೇ ಕಾಂಗ್ರೆಸ್ಸಿನಿಂದ ಅವರನ್ನೇ ಗೆಲ್ಲಿಸಿದರು. ಐದು ವರ್ಷದಲ್ಲಿ ಬದಲಾದದ್ದು ಏನು? ಇಲ್ಲಿ ಮೂರನೆಯ ಎಳೆ ಬರುತ್ತದೆ: ನಮ್ಮವನೊಬ್ಬ ಮುಖ್ಯಮಂತ್ರಿಯಾಗುವ ಸಾಧ್ಯತೆ.

1956ರ ಏಕೀಕರಣದ ನಂತರ ಹಳೇ ಮೈಸೂರಿನ ಒಕ್ಕಲಿಗರಿಗೆ ಮುಖ್ಯಮಂತ್ರಿಯ ಗಾದಿ ಬಹುಕಾಲ ದೂರವೇ ಇತ್ತು. 1994ರಲ್ಲಿ ದೇವೇಗೌಡರು, 1999ರಲ್ಲಿ ಕೃಷ್ಣ, 2006 ಮತ್ತು 2018ರಲ್ಲಿ ಕುಮಾರಸ್ವಾಮಿ ಆ ಗಾದಿ ಏರಿದರು. ಬೇರೆ ದಿಕ್ಕಿನಿಂದ 2011ರಲ್ಲಿ ಕರಾವಳಿಯ ಸದಾನಂದಗೌಡರು ಬಂದರು. ನೀರು, ಕಾರ್ಖಾನೆ, ಸಾಲಮನ್ನಾ ಎಲ್ಲವೂ ವಿಧಾನಸೌಧದಲ್ಲೇ ತೀರ್ಮಾನವಾಗುವುದರಿಂದ, ಆ ಕುರ್ಚಿ ಯಾರ ಕೈಗೆ ಎಟುಕುವಂತಿದೆ ಎಂದು ಸಮುದಾಯ ನೋಡುತ್ತದೆ. 2018ರಲ್ಲಿ ಸಾಲಮನ್ನಾದ ಮಾತು ಕೊಟ್ಟ ಕುಮಾರಸ್ವಾಮಿ ಕೈಗೆಟುಕುವಂತೆ ಕಂಡರು. ಏಳೂ ಸ್ಥಾನ ಕೊಟ್ಟರು. 2023ರಲ್ಲಿ ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ತಮಗೂ ಒಂದು ಅವಕಾಶ ಕೊಡಿ ಎಂದು ಸಮುದಾಯವನ್ನು ನೇರವಾಗಿಯೇ ಕೇಳಿದರು. ಗೆಲ್ಲುವ ಪಕ್ಷದಲ್ಲಿ ಆಗ ಇದ್ದವರು ಅವರು. ಇದನ್ನು ಜಾತಿ ಮತ ಎನ್ನಬಹುದು, ಆದರೆ ಕುರುಡು ಜಾತಿ ಮತವಲ್ಲ. ಜಾತಿಯ ಒಳಗೆ ಯಾರಿಂದ ಕೆಲಸ ಆದೀತು ಎಂಬ ಲೆಕ್ಕ ಇಲ್ಲಿದೆ.

ಬಿಜೆಪಿ ಈ ಲೆಕ್ಕದೊಳಗೆ ಸೇರಲು ಪಟ್ಟ ಪ್ರಯತ್ನವನ್ನೂ ಹೇಳಬೇಕು. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕೃಷ್ಣರಾಜಪೇಟೆಯನ್ನು ಗೆದ್ದು ಜಿಲ್ಲೆಯಲ್ಲಿ ಆ ಪಕ್ಷ ಮೊದಲ ಬಾರಿ ಖಾತೆ ತೆರೆಯಿತು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಹುಟ್ಟಿದ ಬೂಕನಕೆರೆ ಅದೇ ತಾಲ್ಲೂಕಿನದು. ಗೆದ್ದ ನಾರಾಯಣಗೌಡರು ದಳದಿಂದ ಬಂದವರು, ಮಂತ್ರಿಯಾಗುವುದು ಖಚಿತವಿದ್ದವರು. 2023ರ ಆರಂಭದಲ್ಲಿ ಉರಿಗೌಡ ಮತ್ತು ನಂಜೇಗೌಡ ಎಂಬ ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರೆಂಬ ಕಥೆಯನ್ನು ಆ ಪಕ್ಷದ ನಾಯಕರು ಮುಂದಿಟ್ಟರು. ಪ್ರಧಾನಿ ಭೇಟಿಯ ಸಂದರ್ಭದಲ್ಲಿ ಮಂಡ್ಯದಲ್ಲಿ ಅವರ ಹೆಸರಿನ ಕಮಾನು ಎದ್ದಿತು, ವಿರೋಧ ಬಂದು ಹೆಸರು ಬದಲಾಯಿತು. ಆ ವಿಷಯದ ಸಿನಿಮಾದ ಘೋಷಣೆಯೂ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರ ಮಾತಿನ ನಂತರ ಹಿಂದೆ ಸರಿಯಿತು. ಆ ಚುನಾವಣೆಯಲ್ಲಿ ಜಿಲ್ಲೆಯಲ್ಲಿ ಬಿಜೆಪಿಗೆ ಒಂದು ಸ್ಥಾನವೂ ಬರಲಿಲ್ಲ, ನಾರಾಯಣಗೌಡರೂ ಸೋತರು. ಇತಿಹಾಸದ ಆಧಾರವಿಲ್ಲದ ಹೆಮ್ಮೆಯನ್ನು ಈ ಜನ ಒಪ್ಪಲಿಲ್ಲ ಎಂಬುದು ನನಗೆ ಸಮಾಧಾನದ ಸಂಗತಿ.

ಇಷ್ಟೆಲ್ಲ ಒಕ್ಕಲಿಗರ ಬಗ್ಗೆ ಹೇಳಿದರೂ ಗೆಲುವನ್ನು ಅವರೊಬ್ಬರೇ ತೀರ್ಮಾನಿಸುವುದಿಲ್ಲ. ದೊಡ್ಡ ಸಮುದಾಯ ಎರಡಾಗಿ ಸೀಳಿದಾಗಲೆಲ್ಲ ದಲಿತರು, ಕುರುಬರು, ಲಿಂಗಾಯತರು, ಬೆಸ್ತರು, ಮುಸ್ಲಿಮರು ಯಾವ ಕಡೆ ವಾಲಿದರು ಎಂಬುದೇ ನಿರ್ಣಾಯಕ. 2014ರ ಲೋಕಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಕಾಂಗ್ರೆಸ್ಸಿನ ರಮ್ಯಾ ಅವರ ಎದುರು ಗೆದ್ದದ್ದು ಕೇವಲ 5,518 ಮತಗಳಿಂದ. ಹತ್ತು ಲಕ್ಷಕ್ಕೂ ಹೆಚ್ಚು ಮತಗಳು ಇಬ್ಬರ ನಡುವೆ ಹಂಚಿಹೋದಾಗ ಅಷ್ಟು ಮತ ಯಾವ ಕೇರಿಯಿಂದಲಾದರೂ ಬರಬಹುದು. ಆದರೂ ಚುನಾವಣೆ ಮುಗಿದ ಮೇಲೆ ವಿಶ್ಲೇಷಣೆಗಳಲ್ಲಿ ಈ ಕೇರಿಗಳ ಹೆಸರು ಬರುವುದು ಅಪರೂಪ. ಸಣ್ಣ ಸಮುದಾಯದ ಮತ ಬೇಕು, ಟಿಕೆಟ್ ಹಂಚುವಾಗ ಮಾತ್ರ ಆ ಸಮುದಾಯದ ನೆನಪಾಗುವುದಿಲ್ಲ. ಇದು ಮಂಡ್ಯದ ರಾಜಕಾರಣದ ನಿಜವಾದ ಕೊರತೆ.

ಯಾವ ಜಾತಿ ಯಾರಿಗೆ ಹಾಕಿತು ಎಂದು ಟಿ.ವಿ.ಯಲ್ಲಿ ಖಚಿತವಾಗಿ ಹೇಳುವವರ ಮಾತನ್ನು ಸ್ವಲ್ಪ ಜಾಗ್ರತೆಯಿಂದ ಕೇಳಬೇಕು. ಮತದಾನ ಗುಪ್ತವಾದದ್ದು. ಚುನಾವಣಾ ಆಯೋಗ ಪ್ರಕಟಿಸುವ ನಮೂನೆ 20ರಲ್ಲಿ ಮತಗಟ್ಟೆವಾರು ಲೆಕ್ಕ ಸಿಗುತ್ತದೆ, ಅದಕ್ಕಿಂತ ಒಳಗಿನದು ಸಿಗುವುದಿಲ್ಲ. ಒಂದು ಊರಿನ ಶಾಲೆಯ ಎರಡು ಕೊಠಡಿಗಳಲ್ಲಿ ಎರಡು ಮತಗಟ್ಟೆಗಳಿದ್ದು, ಒಂದರಲ್ಲಿ ಮೇಲಿನ ಬೀದಿಯವರೂ ಇನ್ನೊಂದರಲ್ಲಿ ಕೆಳಗಿನ ಬೀದಿಯವರೂ ಮತ ಹಾಕಿದ್ದರೆ, ಬೀದಿಗಳ ವ್ಯತ್ಯಾಸ ತಿಳಿದೀತು. ಮನೆಯೊಳಗೆ ಅಪ್ಪ ಒಂದಕ್ಕೆ, ಮಗ ಒಂದಕ್ಕೆ, ಸೊಸೆ ಇನ್ನೊಂದಕ್ಕೆ ಒತ್ತಿದ್ದು ತಿಳಿಯುವುದಿಲ್ಲ. ಸಮೀಕ್ಷೆಗಳು ಜನರನ್ನು ಕೇಳಿ ಅಂದಾಜು ಮಾಡುತ್ತವೆ. ರಾಜ್ಯಮಟ್ಟದಲ್ಲಿ ನಂಬಬಹುದಾದ ಅಂದಾಜು ಒಂದು ತಾಲ್ಲೂಕಿಗೆ ಇಳಿಸಿದಾಗ ಸಡಿಲವಾಗುತ್ತದೆ.

ಕೊನೆಯದಾಗಿ ಮನೆತನದ ಮಾತು. ನಿಖಿಲ್ 2019ರಲ್ಲಿ ಮಂಡ್ಯದಲ್ಲಿ, 2023ರಲ್ಲಿ ರಾಮನಗರದಲ್ಲಿ ಸೋತರು. 2024ರ ಜೂನಿನಲ್ಲಿ ತಂದೆಯ ಭಾರಿ ಗೆಲುವು ಪ್ರಕಟವಾಗಿ ಆರು ತಿಂಗಳೊಳಗೆ, ತಂದೆಯೇ ತೆರವು ಮಾಡಿದ ನೆರೆಯ ಚನ್ನಪಟ್ಟಣದಲ್ಲಿ 25,413 ಮತಗಳಿಂದ ಮತ್ತೆ ಸೋತರು. ಅತ್ತ ಮೇಲುಕೋಟೆಯಲ್ಲಿ, ಹಸಿರು ಶಾಲು ಹೊದ್ದು ಕಬ್ಬಿನ ಬೆಲೆಗಾಗಿ ಬದುಕಿಡೀ ಬೀದಿಗಿಳಿದ ಕೆ.ಎಸ್. ಪುಟ್ಟಣ್ಣಯ್ಯ 2018ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಮೆರಿಕದಲ್ಲಿದ್ದ ಮಗ ದರ್ಶನ್ ಬಂದು ಮೂರು ತಿಂಗಳಲ್ಲೇ ಚುನಾವಣೆಗೆ ನಿಂತರು. ಅನುಕಂಪಕ್ಕೆ ಕರಗುವ ಜನವಾಗಿದ್ದರೆ ಅಂದೇ ಗೆಲ್ಲಿಸಬೇಕಿತ್ತು, ಸೋಲಿಸಿದರು. ಐದು ವರ್ಷ ಕಳೆದು, ರೈತಸಂಘದ ಹುಡುಗರೊಂದಿಗೆ ಅದೇ ಕ್ಷೇತ್ರದಲ್ಲಿ ಓಡಾಡಿದ ಮೇಲೆ, 2023ರಲ್ಲಿ ಅದೇ ಮಗನನ್ನು ಅದೇ ಎದುರಾಳಿಯ ವಿರುದ್ಧ ಗೆಲ್ಲಿಸಿ ಕಳುಹಿಸಿದರು.